ಆಯಿಯ ಕಣ್ಣು, ನನ್ನ ಸಕ್ಕರೆ

ಜಮಖಂಡಿಯಲ್ಲಿ ಸುತ್ತಲಿನ ಹೈಸ್ಕೂಲುಗಳ ಚರ್ಚಾಸ್ಪರ್ಧೆ ನಡೆದಿತ್ತು. ಕೈಮಗ್ಗ ಉಳಿಯಬೇಕೋ ಯಂತ್ರಮಗ್ಗ ಬರಬೇಕೋ ಎಂಬುದು ವಿಷಯ. ರಬಕವಿಯ ನೇಕಾರರ ಮನೆಯ ಹುಡುಗಿಯಾದ ನಾನು ಯಂತ್ರಮಗ್ಗದ ಪರವಾಗಿ ನಿಂತಿದ್ದೆ. ಊರಿನವರೆಲ್ಲ ಒಂದು ಕಡೆ ನಿಂತರೆ ನಾನು ಇನ್ನೊಂದು ಕಡೆ ನಿಲ್ಲಬೇಕು ಎಂಬ ಚಟ ಆಗಲೇ ಹತ್ತಿತ್ತು. ವಾದ ಮಂಡಿಸುವಾಗ ಮೇಜಿನ ಮೇಲಿನ ತಂಬಿಗೆಯ ನೀರನ್ನು ಮೂರು ಸಲ ಕುಡಿದೆ. ನಾಲ್ಕನೆಯ ಸಲ ಕೈಚಾಚಿದಾಗ ಎದುರು ಪಕ್ಷದ ಹುಡುಗ ಎದ್ದು, "ಇವರ ವಾದ ಒಣಗೇತ್ರಿ, ಅದಕ್ಕ ನೀರ ಹಾಕ್ಕೊಳ್ಳಾಕತ್ತಾರ," ಅಂದ. ಸಭೆ ಗೊಳ್ಳೆಂದು ನಕ್ಕಿತು. ಅದಕ್ಕೆ ತಕ್ಕ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಆದರೆ ಉತ್ತರ ಕೊಡುವ ಹೊತ್ತಿಗೆ ನಾನು ಮೂತ್ರ ತಡೆಯಲಾರದೆ ವೇದಿಕೆ ಇಳಿದು ಸಾಲೆಯ ಹಿಂದಿನ ಗೋಡೆಯ ಕಡೆಗೆ ಓಡುತ್ತಿದ್ದೆ. ತಿರುಗಿ ಬರುವಷ್ಟರಲ್ಲಿ ನಾವು ಸೋತಿದ್ದೆವು.

ಆ ಸೋಲನ್ನು ಎಷ್ಟೋ ದಿನ ನನ್ನ ಹೇಡಿತನವೆಂದೇ ತಿಳಿದಿದ್ದೆ. ಅದು ಕಾಯಿಲೆ ಎಂದು ಗೊತ್ತಾದಾಗ, ನಿಜ ಹೇಳಬೇಕೆಂದರೆ, ಮೊದಲು ಸಮಾಧಾನವೇ ಆಯಿತು.

ಈಗ ಆರನೆಯ ವರ್ಷ. ಇದು ಗುಣವಾಗುವ ಕಾಯಿಲೆಯಲ್ಲ, ಹೀಗಾಗಿ 'ಗುಣವಾದೆ' ಎಂದು ಬರೆಯುವ ಭಾಗ್ಯ ನನಗಿಲ್ಲ. ದಿನವೂ ಬೆಳಿಗ್ಗೆ ಎದ್ದು ಅದೇ ಕೆಲಸ ಮಾಡಬೇಕು. ಅದರಲ್ಲಿ ಧೈರ್ಯ, ಹೋರಾಟ ಎಂಥದೂ ಇಲ್ಲ, ಪಾತ್ರೆ ತೊಳೆದಂತೆ ಅಷ್ಟೇ. ನನ್ನಂತೆಯೇ ಯಾರಾದರೂ ಬೀಳಗಿಯಲ್ಲೋ ಮುಧೋಳದಲ್ಲೋ ಬಾಗಿಲು ಹಾಕಿಕೊಂಡು ತೊಡೆಗೆ ಸೂಜಿ ಚುಚ್ಚಿಕೊಳ್ಳುತ್ತ ಕೂತಿದ್ದರೆ, ಅವರಿಗೆ ಇದು ತಲುಪಲಿ ಎಂದು ಬರೆಯುತ್ತಿದ್ದೇನೆ. ಬರೆಯಹೊರಟದ್ದು ನನ್ನ ಕಾಯಿಲೆಯ ಬಗ್ಗೆ. ಆದರೆ ಯಾವ ಕಡೆಯಿಂದ ಶುರು ಮಾಡಿದರೂ ಅದು ನನ್ನ ಆಯಿಯ ಕಡೆಗೇ ಹೋಗುತ್ತದೆ.

ಆಯಿ ಅಂದರೆ ನನ್ನ ಅಪ್ಪನ ತಾಯಿ, ಬಸಲಿಂಗವ್ವ. ಊರಿಗೆಲ್ಲ 'ಬಣ್ಣದ ಆಯಿ'. ಮುಧೋಳದಿಂದ ಮದುವೆಯಾಗಿ ಬಂದವಳು. ಮೂವತ್ತು ತುಂಬುವ ಮೊದಲೇ ಗಂಡ ಹೋದ. ಸೀರೆಯ ನೂಲಿಗೆ ಬಣ್ಣ ಹಾಕುವ ಹಿತ್ತಲಿನ ಬಣ್ಣದ ಮನೆ, ಎರಡು ಗಂಡುಮಕ್ಕಳು, ನಾಲ್ಕು ಮಗ್ಗ ಅವಳ ಪಾಲಿಗೆ ಬಂದವು. ಹೆಂಗಸು ಬಣ್ಣದ ಹಂಡೆಯ ಮುಂದೆ ನಿಂತರೆ ಬಣ್ಣ ಹಿಡಿಯುವುದಿಲ್ಲ ಎಂದು ಆಡಿದವರಿದ್ದರು. ಅವಳು ಅವರ ಜೊತೆ ವಾದಕ್ಕಿಳಿಯಲಿಲ್ಲ, ಬಣ್ಣ ಹಿಡಿಸಿ ತೋರಿಸಿದಳು. ಮೊಣಕೈವರೆಗೆ ನೀಲಿಯಾದ ಅವಳ ಕೈ ಎಷ್ಟು ತೊಳೆದರೂ ಬಿಡುತ್ತಿರಲಿಲ್ಲ. ಜಮಖಂಡಿಯ ಸಂಸ್ಥಾನ ಮುಂಬೈ ಪ್ರಾಂತ್ಯಕ್ಕೆ ಸೇರಿದ ದಿನ ಊರಲ್ಲಿ ಪೇಢೆ ಹಂಚಿದರು. ಅವಳು ಪೇಢೆ ಬಾಯಿಗೆ ಹಾಕಿಕೊಂಡು, "ರಾಜಾ ಹೋದ, ಮುಂಬೈದವರು ಬಂದ್ರು. ನನ್ನ ಕೈ ನೋಡ್ರಿ, ಹ್ಯಾಂಗಿತ್ತೋ ಹಂಗ ಐತಿ," ಎಂದು ಎರಡೂ ಕೈ ಎತ್ತಿ ತೋರಿಸಿದ್ದಳಂತೆ. ನನ್ನನ್ನು ಹೈಸ್ಕೂಲಿಗೆ ಹಾಕಿದ್ದೂ ಅವಳೇ. ಅಪ್ಪ ಸೊಲ್ಲಾಪುರದ ಗಿರಣಿಯಲ್ಲಿದ್ದ, ವರ್ಷಕ್ಕೆ ಎರಡು ಸಲ ಬರುತ್ತಿದ್ದ. ಅವನ ಒಪ್ಪಿಗೆಯನ್ನು ಅವಳು ಅವನಿಗೇ ಕಾಗದ ಬರೆಸಿ ತಿಳಿಸಿಬಿಟ್ಟಿದ್ದಳು.

ಚರ್ಚಾಸ್ಪರ್ಧೆಯ ಮುಂದಿನ ತಿಂಗಳು ನಾನು ಕಡ್ಡಿಯಾದೆ. ಅವ್ವ ದೃಷ್ಟಿ ತೆಗೆದಳು, ಕಷಾಯ ಕುಡಿಸಿದಳು. ದೃಷ್ಟಿಯಿಂದ ಮನುಷ್ಯರ ತೂಕ ಇಳಿಯುವುದಾದರೆ ಊರಿನ ಸಾಹುಕಾರರೆಲ್ಲ ಬಡಕಲಾಗಬೇಕಿತ್ತಲ್ಲ ಎಂದು ನಾನು ವಾದಿಸಿದೆ. ಆಯಿ ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ನನ್ನನ್ನು ಜಮಖಂಡಿಯ ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ಹೆಚ್ಚು ಮಾತಾಡದೆ ಮಿರಜಕ್ಕೆ ಚೀಟಿ ಕೊಟ್ಟರು.

ಕುಡಚಿಯವರೆಗೆ ಬಸ್ಸು, ಅಲ್ಲಿಂದ ರೈಲು. ಮಿರಜದ ದವಾಖಾನೆಯ ಪಡಸಾಲೆಯಲ್ಲಿ ಉದ್ದನೆಯ ಬೆಂಚು, ಎದುರಿಗೆ ಮುಚ್ಚಿದ ಬಾಗಿಲು. ಬಾಗಿಲು ತೆರೆದಾಗಲೆಲ್ಲ ಬೆಂಚಿನವರೆಲ್ಲ ಅರ್ಧ ಏಳುವುದು, ಮತ್ತೆ ಕೂರುವುದು. ನಮ್ಮ ಪಕ್ಕದಲ್ಲಿದ್ದ ಹೆಂಗಸು ಆಯಿಯ ಕೈ ನೋಡಿ ಸೆರಗು ಎಳೆದುಕೊಂಡು ಸರಿದು ಕೂತಳು. ಆಯಿ ಅವಳ ಕಡೆ ವಾಲಿ, "ರೋಗ ಅಲ್ಲ ತಂಗಿ, ಹೊಟ್ಟಿಪಾಡು. ಹತ್ತಂಗಿಲ್ಲ, ಬಾ," ಅಂದಳು. ಆ ಹೆಂಗಸಿಗೆ ನಗು ಬಂತು. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಒಂದೇ ಗಂಟಿನ ರೊಟ್ಟಿ ಮುರಿದು ತಿನ್ನುತ್ತಿದ್ದರು. ಆ ಇಡೀ ದಿನದಲ್ಲಿ ನನಗೆ ಭಯ ಮರೆತದ್ದು ಅಷ್ಟು ಹೊತ್ತು ಮಾತ್ರ.

ಡಾಕ್ಟರು ಕನ್ನಡ ಬಲ್ಲವರು. ಕಾಯಿಲೆಯ ಹೆಸರು ಹೇಳಿದರು, ಇನ್ಸುಲಿನ್ ಅಂದರು, ದಿನವೂ ಸೂಜಿ ಅಂದರು.

"ಎಷ್ಟ ದಿನಾರೀ?" ಆಯಿ ಕೇಳಿದಳು.

"ಇರೂತನಾ, ಆಯಿ."

"ನಾ ಇರೂತನಾನೋ, ಅಕಿ ಇರೂತನಾನೋ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಕಿ ಇರೂತನಾ."

 

ಮನೆಗೆ ಬಂದ ಮೇಲೆ ಅತ್ತವಳು ಅವ್ವ. ಅವಳ ಅಳು ಸೂಜಿಗಲ್ಲ. "ಹೊರಗ ಗೊತ್ತಾದ್ರ ಈಕೀನ್ನ ಯಾರ ಮಾಡ್ಕೋತಾರ? ಅತ್ತಿ, ಯಾರ ಮುಂದೂ ಹೇಳಬ್ಯಾಡ್ರಿ." ಮದುವೆಗೂ ನನ್ನ ಮೂತ್ರಕ್ಕೂ ಏನು ಸಂಬಂಧ ಎಂದು ನಾನು ಜಗಳ ತೆಗೆದೆ. ಆದರೆ ಮುಚ್ಚಿಡುವ ಮಾತಿಗೆ ಒಳಗೊಳಗೇ ಒಪ್ಪಿದ್ದೆ. ಸಾಲೆಯಲ್ಲಿ ಎದುರು ಪಕ್ಷದವರಿಗೆ ಇನ್ನೊಂದು ಅಸ್ತ್ರ ಕೊಡುವುದು ನನಗೂ ಬೇಡವಾಗಿತ್ತು.

ಮುಚ್ಚಿಡಲು ಜಾಗ ಹುಡುಕಿದವಳು ಆಯಿ. ದಿನವೂ ಬೆಳಿಗ್ಗೆ ಗಾಜಿನ ನಳಿಕೆಯಲ್ಲಿ ಡಾಕ್ಟರು ಕೊಟ್ಟ ನೀಲಿ ಔಷಧ ಹಾಕಿ, ಅದಕ್ಕೆ ಕೆಲವು ಹನಿ ಮೂತ್ರ ಬಿಟ್ಟು ಕುದಿಸಬೇಕು. ನೀಲಿ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಹೆಚ್ಚು, ಕಿತ್ತಳೆಯಾದರೆ ಇನ್ನೂ ಹೆಚ್ಚು, ಇಟ್ಟಂಗಿಯ ಕೆಂಪಾದರೆ ದೇವರೇ ಗತಿ. ಬಣ್ಣ ನೋಡಿ ಅದರ ಮೇಲೆ ಸೂಜಿಯ ಪ್ರಮಾಣ. ಕುದಿಸಲು ಸ್ಪಿರಿಟ್ ದೀಪ ಇಟ್ಟುಕೊಳ್ಳಿರಿ ಎಂದಿದ್ದರು. ದಾರೂಬಂದಿಯ, ಅಂದರೆ ಪಾನನಿಷೇಧದ ಕಾಲ, ಸ್ಪಿರಿಟ್ ಬೇಕಾದರೆ ಕಾಗದಪತ್ರ ಬೇಕು. "ಮೊಮ್ಮಗಳ ಉಚ್ಚಿ ಕುದಸಾಕ ಮುಂಬೈ ಸರಕಾರದ ಪರವಾನಗಿ ಬೇಕೇನು? ಭಾರೀ ಆತು!" ಎಂದು ಅವಳು ನಳಿಕೆಯನ್ನು ಬಣ್ಣದ ಮನೆಗೇ ಒಯ್ದಳು. ಅಲ್ಲಿ ಬೆಳಗಾಗುವ ಮೊದಲೇ ಒಲೆ ಉರಿಯುತ್ತಿತ್ತು. ಹತ್ತು ಹಂಡೆ ಕುದಿಯುವ ಕಡೆ ಒಂದು ನಳಿಕೆ ಯಾರ ಕಣ್ಣಿಗೆ ಬೀಳಬೇಕು? ಕೇಳಿದವರಿಗೆ, "ಹೊಸಾ ಬಣ್ಣದ ನಮೂನಿ ನೋಡಾಕತ್ತೇನಿ," ಅನ್ನುತ್ತಿದ್ದಳು. ಸುಳ್ಳೂ ಅಲ್ಲ.

ಬಣ್ಣವನ್ನು ಅವಳು ಒಲೆಯ ಬೆಳಕಿನಲ್ಲಿ ಎಂದೂ ನೋಡಲಿಲ್ಲ. ನಳಿಕೆ ಹಿಡಿದು ಪೂರ್ವದ ಬಾಗಿಲಿಗೆ ಹೋಗಿ, ಸೆರಗಿನ ಬಿಳಿ ಅಂಚಿನ ಮುಂದೆ ಹಿಡಿದು ನೋಡುತ್ತಿದ್ದಳು. ಡಾಕ್ಟರ ಚೀಟಿಯಲ್ಲಿ ಐದೇ ಬಣ್ಣಗಳಿದ್ದವು. ಅವಳಿಗೆ ಹದಿನೈದು ಕಾಣುತ್ತಿದ್ದವು. "ಇದು ಗಿಣಿ ಹಸಿರು. ನಿನ್ನಿಂದು ಹುಣಸಿ ಚಿಗರಿಂದು ಇತ್ತು. ನಿನ್ನಿ ರಾತ್ರಿ ಏನ ತಿಂದಿ ಖರೆ ಹೇಳ." ತಿಂದದ್ದು ಒಂದು ತುಂಡು ಬೆಲ್ಲ. ನಾನು ಒಪ್ಪಲಿಲ್ಲ. ಸಾಕ್ಷಿ ಏನಿದೆ ಅಂದೆ. "ಸಾಕ್ಷಿ ಕೈಯಾಗ ಐತಿ, ನೋಡ," ಎಂದು ನಳಿಕೆ ಮುಖದ ಮುಂದೆ ಹಿಡಿದಳು.

ಆದರೂ ನಾನು ಬಿಡುವವಳಲ್ಲ. ಒಂದು ದಿನ ಅವಳನ್ನು ಪರೀಕ್ಷೆಗೆ ಒಡ್ಡಿದೆ. ಮೂರು ನಳಿಕೆ ಸಿದ್ಧ ಮಾಡಿದೆ. ಒಂದು ಬರೀ ನೀಲಿ. ಎರಡನೆಯದಕ್ಕೆ ಒಂದು ಹನಿ ಬೆಲ್ಲದ ನೀರು, ಮೂರನೆಯದಕ್ಕೆ ಎರಡು ಹನಿ. ಕುದಿಸಿ, ಯಾವುದು ಯಾವುದೆಂದು ಹೇಳದೆ ಕೊಟ್ಟೆ. ನನಗೇ ಎರಡನೆಯದಕ್ಕೂ ಮೂರನೆಯದಕ್ಕೂ ಅಂತರ ಕಾಣುತ್ತಿರಲಿಲ್ಲ. ಅವಳು ಬಾಗಿಲಿಗೆ ಹೋಗಿ ಬಂದು ಮೂರನ್ನೂ ಸಾಲಾಗಿ ಸರಿಯಾಗಿ ಇಟ್ಟಳು. "ಮತ್ತೇನರ ಐತೇನ್ರಿ ವಕೀಲಬಾಯಾರ?" ಎಂದು ಕೇಳಿದಳು.

ಅವತ್ತಿನಿಂದ ನಾನು ನೋಡುವುದನ್ನೇ ಬಿಟ್ಟೆ. ಇದನ್ನು ಒಪ್ಪಿಕೊಳ್ಳಲು ಈಗಲೂ ಕಷ್ಟ. ದೇವರನ್ನು, ದೃಷ್ಟಿಯನ್ನು, ಮಾಸ್ತರರನ್ನು ಯಾರನ್ನೂ ಪುರಾವೆಯಿಲ್ಲದೆ ನಂಬುವುದಿಲ್ಲವೆಂದು ಮೆರೆಯುತ್ತಿದ್ದವಳು ನಾನು. ಒಂದು ಸಲ ಪುರಾವೆ ಸಿಕ್ಕಿತೆಂದು ಮೂರು ವರ್ಷ ಕಣ್ಣುಮುಚ್ಚಿ ನಂಬಿದೆ. ಅದರಲ್ಲಿ ತರ್ಕಕ್ಕಿಂತ ದಣಿವು ಹೆಚ್ಚಿತ್ತು. ಸೂಜಿ ಕುದಿಸು, ಮೊಂಡಾದರೆ ಕಲ್ಲಿಗೆ ಮಸೆ, ಇನ್ಸುಲಿನ್ ಸೀಸೆಯನ್ನು ಹಸಿ ಮರಳಿನ ಮಡಕೆಯಲ್ಲಿಡು, ಹೊತ್ತಿಗೆ ಸರಿಯಾಗಿ ಉಣ್ಣು, ಹಸಿವಿಲ್ಲದಿದ್ದರೂ ಉಣ್ಣು, ಹಸಿವಾದರೂ ಅಷ್ಟೇ ಉಣ್ಣು. ಇಷ್ಟರಲ್ಲಿ ಒಂದು ಕೆಲಸವನ್ನು ಇನ್ನೊಬ್ಬರ ಕಣ್ಣು ಮಾಡುತ್ತದೆಂದರೆ ಯಾರು ಬೇಡವೆನ್ನುತ್ತಾರೆ? ಅವಳು ಬಣ್ಣ ಹೇಳುತ್ತಿದ್ದಳು, ಅವಳೇ ಸಿರಿಂಜಿಗೆ ಎಳೆದು ಚುಚ್ಚುತ್ತಿದ್ದಳು. ನಾನು ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ಓದುತ್ತಿದ್ದೆ.

ನಾಲ್ಕನೆಯ ವರ್ಷದ ಬೇಸಿಗೆಯಲ್ಲಿ ಮೊದಲ ಸಲ ಬಿದ್ದೆ. ಬೆಳಗಿನ ಹೊತ್ತು ಅಂಗಳದಲ್ಲಿ ನೂಲು ಹರವುತ್ತಿದ್ದೆ. ಕೈ ನಡುಗಿತು, ಬೆವರು ಸುರಿಯಿತು, ಎದುರಿಗಿದ್ದ ಅವ್ವನ ಹೆಸರು ಮರೆತುಹೋಯಿತು. ಎಚ್ಚರವಾದಾಗ ಬಾಯಿ ತುಂಬ ಬೆಲ್ಲದ ನೀರು, ತಲೆ ಅವ್ವನ ತೊಡೆಯ ಮೇಲೆ. ಹತ್ತು ದಿನ ಬಿಟ್ಟು ಮತ್ತೆ ಹಾಗೆಯೇ ಆಯಿತು. ಮೂರನೆಯ ಸಲ ಬಿದ್ದಾಗ ಹಲ್ಲು ಕಚ್ಚಿ ನಾಲಿಗೆ ಹರಿದಿತ್ತು. ಜಮಖಂಡಿಯ ಡಾಕ್ಟರು ಬೈದರು. "ಸೂಜಿ ತಗೊಂಡು ಉಪವಾಸ ಮಾಡ್ತೀಯೇನು? ಹಿಂಗಾದ್ರ ಒಂದಿನ ಏಳಂಗಿಲ್ಲ ನೋಡು." ಉಂಡಿದ್ದೇನೆ ಎಂದರೆ ಅವರು ನಂಬಲಿಲ್ಲ. "ಪ್ರಮಾಣ ಸರಿ ಐತೇನ್ರಿ?" ಎಂದು ಆಯಿಯನ್ನು ಕೇಳಿದರು.

"ಬಣ್ಣ ನೋಡೇ ಕೊಡತೇನ್ರಿ. ಈಗೀಗ ದಿನಾ ಹಸಿರ ಬರಾಕತ್ತೇತಿ. ಅದಕ್ಕ ಎರಡ ಗೆರಿ ಹೆಚ್ಚಿಗಿ ಮಾಡೇನಿ."

ಅವರು ಆಯಿಯನ್ನು ಅನುಮಾನಿಸಲಿಲ್ಲ. ಅವರ ಹೆಂಡತಿಯೂ ನಮ್ಮ ಮನೆಯ ಸೀರೆಯನ್ನೇ ಉಡುತ್ತಿದ್ದಳು. ನಾನೂ ಅನುಮಾನಿಸಲಿಲ್ಲ. ನನ್ನ ದೇಹವೇ ಏನೋ ಮೋಸ ಮಾಡುತ್ತಿದೆ, ಇನ್ನು ಹೆಚ್ಚು ದಿನ ಉಳಿಯುವುದಿಲ್ಲ ಎಂದುಕೊಂಡೆ. ಅಂಜಿಕೆಗಿಂತ ಬೇಸರವೇ ಹೆಚ್ಚಾಗಿತ್ತು. ಇಷ್ಟೆಲ್ಲ ಮಾಡಿಯೂ ಹೀಗೇ ಆಗುವುದಿದ್ದರೆ ಯಾಕೆ ಮಾಡಬೇಕಿತ್ತು?

ಅದಾದ ವಾರವೇ ಒಂದು ಮಧ್ಯಾಹ್ನ, ಆಯಿ ಊಟ ಮಾಡಿ ಮಲಗಿದ್ದಾಗ, ಬಣ್ಣದ ಮನೆಗೆ ಹೋದೆ. ಅಪ್ಪನ ತಮ್ಮ ಮಲ್ಲಪ್ಪ ಕಾಕಾ ಒಬ್ಬನೇ ಇದ್ದ. ಬೆಳಿಗ್ಗೆ ಆಯಿ ಬಣ್ಣ ಹಾಕಿಸಿದ ನೀಲಿ ನೂಲಿನ ಲಡಿಗಳನ್ನು ಗಳದಿಂದ ಇಳಿಸಿ ಕರಿಯ ಬಣ್ಣದ ಹಂಡೆಗೆ ಮುಳುಗಿಸುತ್ತಿದ್ದ. ಆ ಗಳದ ಮೇಲೆ ಬೇರೆ ನೀಲಿ ಲಡಿಗಳನ್ನು ಆಗಲೇ ತೂಗುಹಾಕಿದ್ದ.

"ಕಾಕಾ, ಅದು ಆಯಿ ಮಾಡಿದ ನೀಲಿ ಅಲ್ಲೇನು? ಕರಿ ಯಾಕ ಮಾಡಾಕತ್ತಿ?"

ಅವನು ಬೆಚ್ಚಿ ತಿರುಗಿ ನೋಡಿದ. "ಸಾವಕಾಶ ಮಾತಾಡ ಬೇ. ಎಚ್ಚರಾದಾಳು."

"ಯಾಕಂತ ಹೇಳ ಮೊದಲ."

ಕಾಕಾ ಕೋಲನ್ನು ಹಂಡೆಯ ಮೇಲಿಟ್ಟ. "ಯವ್ವನ ಕಣ್ಣಿಗೆ ಪೊರಿ ಬಂದೇತಿ. ನೀಲಿ ಅಕಿಗೆ ಹಸಿರ ಕಾಣತೈತಿ. ಇನ್ನಷ್ಟ ನೀಲಿ ಹಾಕು, ಇನ್ನಷ್ಟ ಹಾಕು ಅಂತಾಳ. ನೂಲು ಕರ್ರಗ ಆಗತೈತಿ. ಅದನ್ನ ಕರೀ ಸೀರಿಗೆ ಹಾಕಿ, ಬ್ಯಾರೆ ನೂಲಿಗೆ ನಾ ಬಣ್ಣಾ ಮಾಡಿ ಇಡತೇನಿ. ಎಂಟ ತಿಂಗಳಾತು. ನಿಮ್ಮವ್ವಗೂ ಗೊತ್ತೈತಿ, ಮಗ್ಗದವ್ರಿಗೂ ಗೊತ್ತೈತಿ. ಬಣ್ಣಾ ಕಾಣೂದಿಲ್ಲಂತ ತಿಳೀತಂದ್ರ ಅಕಿ ಉಳೀತಾಳೇನು? ನಿನ್ನ ಕಾಲ ಬೀಳತೇನಿ, ಹೇಳಬ್ಯಾಡ."

ಅವನು ಇನ್ನೂ ಏನೇನೋ ಹೇಳುತ್ತಿದ್ದ. ನನಗೆ ಕೇಳಿಸಿದ್ದು ಒಂದೇ ಮಾತು: ನೀಲಿ ಹಸಿರಾಗಿ ಕಾಣುತ್ತದೆ.

ಪಾಪ, ಕಾಕಾನಿಗೆ ನೂಲಿನ ಚಿಂತೆಯಷ್ಟೇ ಇತ್ತು. ನಳಿಕೆ ಅವನ ಲಕ್ಷ್ಯಕ್ಕೇ ಬಂದಿರಲಿಲ್ಲ. ಅವ್ವನಿಗೂ ಬಂದಿರಲಿಲ್ಲ. ಇಡೀ ಮನೆ ಸೇರಿ ಅವಳ ಮರ್ಯಾದೆ ಕಾಯುತ್ತಿತ್ತು. ಆ ಕಣ್ಣನ್ನೇ ನಂಬಿ ದಿನವೂ ಬೇಡದ ಎರಡು ಗೆರೆ ಇನ್ಸುಲಿನ್ ನನ್ನೊಳಗೆ ಹೋಗುತ್ತಿತ್ತು.

ಮರುದಿನ ಬೆಳಿಗ್ಗೆ ಮೂರು ವರ್ಷಗಳ ನಂತರ ನಳಿಕೆಯನ್ನು ನಾನೇ ನೋಡಿದೆ. ಮೋಡವಿಲ್ಲದ ಆಕಾಶದಂಥ ನೀಲಿ. ಆಯಿ ಅದನ್ನು ಬಾಗಿಲಿಗೆ ಒಯ್ದು, ಕಣ್ಣು ಕಿರಿದು ಮಾಡಿ, "ಹಸಿರ ಹೋಗವಲ್ದು ನೋಡ," ಅಂದಳು.

ಆಗ ನಾನು ಏನು ಮಾಡಿದೆ ಎಂಬುದನ್ನು ಬರೆಯಬೇಕು. ಜಮಖಂಡಿ, ಬನಹಟ್ಟಿಗಳ ವೇದಿಕೆಯ ಮೇಲೆ ಸತ್ಯದ ಬಗ್ಗೆ ಗಂಟಲು ಹರಿದುಕೊಂಡ ನಾನು ಕಾಕಾ ಮಾಡಿದ್ದನ್ನೇ ಮಾಡಿದೆ. "ಇನ್ನಮ್ಯಾಲ ಸೂಜಿ ನಾನೇ ಚುಚ್ಚಿಕೋತೇನಿ ಆಯಿ, ಕಲೀಬೇಕಲ್ಲ," ಎಂದು ಸಿರಿಂಜು ತೆಗೆದುಕೊಂಡು ಅವಳು ಹೇಳಿದ್ದಕ್ಕಿಂತ ಕಡಿಮೆ ಎಳೆದುಕೊಂಡೆ. ಆ ದಿನ ಬೀಳಲಿಲ್ಲ. ಮರುದಿನವೂ ಬೀಳಲಿಲ್ಲ. ಹೀಗೆಯೇ ನಡೆದುಹೋಗುತ್ತದೆ, ಅವಳಿಗೂ ನೋವಾಗುವುದಿಲ್ಲ, ನಾನೂ ಸಾಯುವುದಿಲ್ಲ ಎಂದು ಲೆಕ್ಕ ಹಾಕಿದೆ. ಕಾಕಾನ ಲೆಕ್ಕವೂ ಅದೇ ಆಗಿತ್ತಲ್ಲ.

ನಾಲ್ಕನೆಯ ದಿನ ನಾನು ಸಿರಿಂಜು ಹಿಡಿದು ಹೊರಳುವಾಗ ಆಯಿ ನನ್ನ ಮಣಿಕಟ್ಟು ಹಿಡಿದಳು. ಅವಳು ಗಾಜಿನ ಮೇಲಿನ ಗೆರೆ ನೋಡಲಿಲ್ಲ. ಹಿಂದಿನ ಹಿಡಿಕೆ ಎಷ್ಟು ಹೊರಬಂದಿದೆ ಎಂದು ಹೆಬ್ಬೆರಳಿನಿಂದ ಅಳೆದಳು.

"ಎಷ್ಟ ತಗೊಂಡಿ?"

"ಬೇಕಾದಷ್ಟು."

"ಬೇಕಾದಷ್ಟು ಅಂದ್ರೇನು? ನಾ ಹೇಳಿದ್ದಕ್ಕಿಂತ ಕಾಲಭಾಗ ಕಡಿಮಿ ಐತಿ. ಸಾಯಬೇಕಂತ ಮಾಡೀಯೇನ?"

"ನೀ ಹೇಳಿದಷ್ಟು ತಗೊಂಡ್ರ ಸಾಯತೇನಿ."

ಬಾಯಿಂದ ಬಿದ್ದುಹೋಯಿತು. ಅವಳು ಕೈ ಬಿಡಲಿಲ್ಲ. "ಬಿಡಿಸಿ ಹೇಳ," ಅಂದಳು. ವಾದ ಮಾಡುವವರಿಗೆ ಮಾತು ಸಿಗದಿದ್ದರೆ ಉಳಿಯುವುದು ಪುರಾವೆ ಒಂದೇ. ಮೂರು ನಳಿಕೆ ತಂದೆ. ಹಿಂದಿನ ಸಲ ಮಾಡಿದಂತೆಯೇ ಮಾಡಿದೆ. ಒಂದು ಬರೀ ನೀಲಿ, ಎರಡನೆಯದು ಗಿಣಿ ಹಸಿರು, ಮೂರನೆಯದಕ್ಕೆ ಬೆಲ್ಲದ ನೀರು ಹೆಚ್ಚು ಹಾಕಿ ಅಪ್ಪಟ ಹಳದಿ ಮಾಡಿದೆ. ಕುರುಡರಿಗೂ ಅಂತರ ತಿಳಿಯಲಿ ಎಂಬಷ್ಟು. ಅವಳು ಪೂರ್ವದ ಬಾಗಿಲಲ್ಲಿ ಬಹಳ ಹೊತ್ತು ನಿಂತಳು. ಹಳದಿಯನ್ನು ಮಾತ್ರ ಬೇರೆ ಇಟ್ಟಳು. ಉಳಿದೆರಡನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು, ಮತ್ತೆ ಬದಲಾಯಿಸಿದಳು.

"ಇವೆರಡೂ ಹಸಿರ," ಅಂದಳು.

ಎರಡನ್ನೂ ನನ್ನ ಮುಂದೆ ಹಿಡಿದಳು.

"ಅಲ್ಲೇನು?"

"ಒಂದು ನೀಲಿ, ಆಯಿ. ಬರೇ ನೀಲಿ."

ಅವಳು ನಳಿಕೆಗಳನ್ನು ಕೆಳಗಿಟ್ಟಳು. ನಾನು ಅವಳು ನನ್ನ ಬಗ್ಗೆ ಏನಾದರೂ ಕೇಳುತ್ತಾಳೆ ಅಂದುಕೊಂಡೆ. ಅವಳು ಗಳದ ಮೇಲೆ ತೂಗುತ್ತಿದ್ದ ಲಡಿಗಳ ಕಡೆ ಮುಖ ತಿರುಗಿಸಿ, "ಹಂಗಾದ್ರ ನೂಲು?" ಎಂದು ಕೇಳಿದಳು.

ಕಾಕಾ ಹೊಸ್ತಿಲ ಆಚೆಗೇ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

"ಮಲ್ಲಪ್ಪಾ, ಎಷ್ಟ ದಿನಾ ಆತು?"

"ಎಂಟ ತಿಂಗಳ, ಯವ್ವಾ."

"ಎಂಟ ತಿಂಗಳ ನನ್ನ ಮುಂದ ಎಲ್ಲಾರೂ ನಾಟಕಾ ಮಾಡೀರಿ. ನಾ ಸತ್ತ ಮ್ಯಾಲ ಹೇಳಾವ್ರಿದ್ರೇನು?" ಅವಳ ದನಿ ಏರಲಿಲ್ಲ, ಅದೇ ನನಗೆ ಹೆದರಿಕೆ ತಂದಿತು. "ನೂಲು ಕೆಟ್ರ ಕೆಡವಲ್ದ್ಯಾಕ. ಈ ಹುಡುಗಿ ಮೂರ ಸಲಾ ನೆಲಕ್ಕ ಬಿದ್ಲು. ನನ್ನ ಕೈಯಿಂದನ ಬಿದ್ಲು." ಆಮೇಲೆ ನನ್ನ ಕಡೆ ತಿರುಗಿದಳು. "ನಿನಗ ಯಾವಾಗ ತಿಳೀತು?"

"ನಾಕ ದಿನಾ ಆತು."

"ನಾಕ ದಿನಾ. ನೀನೂ?"

ನಾನು ನಳಿಕೆಗಳನ್ನು ಎತ್ತಿಕೊಂಡು ತೊಳೆಯಹೋದೆ.

ಅವಳನ್ನು ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಪೊರೆ ಇನ್ನೂ ಹಣ್ಣಾಗಿಲ್ಲ, ಹಣ್ಣಾದ ಮೇಲೆ ಶಸ್ತ್ರಕ್ರಿಯೆ ಮಾಡೋಣ ಎಂದರು. "ಇಷ್ಟ ವಯಸ್ಸಾತು, ಇನ್ನ ಹಣ್ಣ ಆಗೂದು ಏನೈತಿ ಇದರಾಗ," ಎಂದು ಎದ್ದು ಬಂದಳು. ಬಣ್ಣದ ಮನೆಯನ್ನು ಕಾಕಾನಿಗೆ ಒಪ್ಪಿಸಿದಳು. ಕಣ್ಣು ಹೋದವರಿಗೆ ಬೇರೆ ಏನೋ ಶಕ್ತಿ ಬರುತ್ತದೆ, ವಾಸನೆಯಿಂದಲೇ ಬಣ್ಣ ಹೇಳುತ್ತಾರೆ ಎಂದೆಲ್ಲ ಜನ ಆಡುತ್ತಾರೆ. ಅಂಥದೇನೂ ಆಗಲಿಲ್ಲ. ಅವಳು ದಣಿದಳು. ಹತ್ತು ದಿನ ಅಂಗಳದ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡಳು, ಯಾರೊಂದಿಗೂ ಜಗಳವಾಡಲಿಲ್ಲ. ಅವಳ ಕೈಯ ನೀಲಿ ನಿಧಾನಕ್ಕೆ ಇಳಿಯಿತು. ಸಾಮಾನ್ಯ ಮುದುಕಿಯರ ಕೈ ಅವಳಿಗೆ ಬಂದದ್ದನ್ನು ನೋಡಿ ಅವ್ವ ಅಡುಗೆಮನೆಗೆ ಹೋಗಿ ಅತ್ತಳು. ಹೇಳಬಾರದಿತ್ತು ಎಂದು ಕಾಕಾ ನನ್ನ ಜೊತೆ ಮಾತು ಬಿಟ್ಟ. ನಾನು ತಪ್ಪು ಮಾಡಿದೆನೇ? ವಾದಕ್ಕೆ ಎರಡೂ ಕಡೆಯಿಂದ ನಿಲ್ಲಬಲ್ಲೆ. ಈಗಲೂ ಎರಡೂ ಕಡೆ ಗೆಲ್ಲುತ್ತವೆ.

ಹನ್ನೊಂದನೆಯ ದಿನ ಬೆಳಿಗ್ಗೆ ನಾನು ನಳಿಕೆ ಕುದಿಸುತ್ತಿದ್ದಾಗ ಅವಳು ಬಂದು ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂತಳು.

"ಯಾವ ಬಣ್ಣಾ?"

"ನೀಲಿ."

"ಯಾವ ನೀಲಿ? ನವಿಲಿಂದೋ, ಅಗಸಿ ಹೂವಿಂದೋ? ಬರೇ ನೀಲಿ ಅಂದ್ರ ಯಾರಿಗೆ ತಿಳೀತೈತಿ?"

"ಅಗಸಿ ಹೂವಿಂದು."

"ಬಾಗಲಾಗ ನಿಂತು ನೋಡಿದೇನು? ಬೆನ್ನ ಒಲಿ ಕಡೆ ಮಾಡಿ?"

ಹೀಗೆ ದಿನವೂ ಪಾಟೀಸವಾಲು ನಡೆಯಿತು. ಎದುರು ಪಕ್ಷದ ಯಾವ ಹುಡುಗನೂ ನನ್ನನ್ನು ಹಾಗೆ ಕುಟ್ಟಿಹಾಕಿರಲಿಲ್ಲ. ಅವಳು ಕೇಳಿ ಕೇಳಿ ನನ್ನ ಕಣ್ಣು ಚುರುಕಾಯಿತು. ಹಸಿರಿನಲ್ಲಿ ಏಳು ಬಗೆ ಎಣಿಸತೊಡಗಿದೆ. ಒಂದು ದಿನ ಇಟ್ಟಂಗಿ ಕೆಂಪು ಬಂದಿತ್ತು, ನನಗೂ ಸಾಕಾಗಿತ್ತು. ಅವಳಿಗೆ ಯಾಕೆ ಚಿಂತೆ ಕೊಡಬೇಕೆಂದು, "ಗಿಣಿ ಹಸಿರು, ಆಯಿ," ಅಂದೆ. ಅವಳು ಎಲೆಗೆ ಸುಣ್ಣ ಹಚ್ಚುತ್ತಲೇ, "ನನ್ನ ಕಣ್ಣ ಹೋಗ್ಯಾವ, ಕಿವಿ ಹೋಗಿಲ್ಲ. ಖರೆ ಹೇಳ," ಅಂದಳು. ಆಮೇಲೆ ನಾನು ಅವಳಿಗೆ ಸುಳ್ಳು ಹೇಳಲಿಲ್ಲ.

ಹೀಗೆ ಅವಳ ಜೊತೆ ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಸಿಕ್ಕಿತು.

ಆ ದಿನ ಅವಳು ಒಲೆಯ ಹತ್ತಿರ ಬಂದಿರಲಿಲ್ಲ. ಚಳಿಯಿತ್ತು, ಮಲಗಿರಲಿ ಎಂದುಕೊಂಡೆ. ನಳಿಕೆ ಕುದಿಸಿದೆ, ಬಾಗಿಲಲ್ಲಿ ನೋಡಿದೆ, ಸೂಜಿ ಚುಚ್ಚಿಕೊಂಡೆ. ಅವಳ ಹಾಸಿಗೆಯ ಹತ್ತಿರ ಹೋಗಿ, "ಹುಣಸಿ ಚಿಗರ, ಆಯಿ," ಅಂದೆ. ಅವಳು ಮರುಪ್ರಶ್ನೆ ಹಾಕಲಿಲ್ಲ. ಎರಡನೆಯ ಸಲ ಹೇಳಿದೆ. ಆಮೇಲೆ ಅವಳ ಕೈ ಮುಟ್ಟಿದೆ.

ಕಾಕಾ ಬಂದ, ಅವ್ವ ಬಂದಳು, ಮಗ್ಗದವರು ಬಂದರು. ಗೋಡೆಗೆ ಒರಗಿಸಿ ಕೂರಿಸಿದರು, ಹಣೆಗೆ ವಿಭೂತಿ ಹಚ್ಚಿದರು. ಮಂದಿ ತುಂಬಿತು. ನಮ್ಮಲ್ಲಿ ಹೆಣ ಎತ್ತುವವರೆಗೆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಯಾರೂ ಉಣ್ಣುವುದಿಲ್ಲ. ಸೊಲ್ಲಾಪುರದಿಂದ ಅಪ್ಪ ಬರಬೇಕು, ಅವನು ಬರುವುದು ಸಂಜೆ. ನಾನು ಆಯಿಯ ಕಾಲ ಹತ್ತಿರ ಕೂತಿದ್ದೆ. ಸೂಜಿ ಒಳಗೆ ಹೋಗಿತ್ತು, ಅದಕ್ಕೆ ಸಾವು, ಶೋಕ ಯಾವುದೂ ಗೊತ್ತಿಲ್ಲ. ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಬೆರಳು ನಡುಗತೊಡಗಿತು. ಕುತ್ತಿಗೆಯ ಹಿಂದೆ ಬೆವರು. ಎದ್ದು ಒಳಗೆ ಹೋಗಿ 'ಹಸಿವಾಗಿದೆ' ಎಂದು ಹೇಗೆ ಹೇಳಲಿ? ಯಾರಿಗೆ ಹೇಳಲಿ? ಅವ್ವನ ಸುತ್ತ ಹತ್ತು ಹೆಂಗಸರು. ಆಯಿ ಸತ್ತ ದಿನ ಬೆಲ್ಲ ಕೇಳಿದಳು ಎಂದಾಗುತ್ತದೆ. ಇಂಥ ಮಾತನ್ನು ಲೆಕ್ಕಿಸದವಳು ನಾನು ಎಂದೇ ತಿಳಿದಿದ್ದೆ. ಅಲ್ಲಿಯೇ ಕೂತೆ.

ಎದುರು ಮನೆಯ ತುಂಗವ್ವ ಮಂದಿಯ ನಡುವೆ ದಾರಿ ಮಾಡಿಕೊಂಡು ಬಂದಳು. ಸೆರಗಿನ ಕೆಳಗೆ ಮುಚ್ಚಿದ ತಾಟು. ನೇರವಾಗಿ ನನ್ನ ಮುಂದೆ ಕೂತು ಮುಚ್ಚಳ ತೆಗೆದಳು. ಎರಡು ಜೋಳದ ರೊಟ್ಟಿ, ಹೆಸರು ಪಲ್ಲೆ, ಬಟ್ಟಲಲ್ಲಿ ಬೆಲ್ಲದ ನೀರು.

"ಮೊದಲ ಇದನ್ನ ಕುಡಿ."

ನಾನು ಅವಳ ಮುಖ ನೋಡಿದೆ. ನಮ್ಮ ಮನೆಯ ಗುಟ್ಟು ಬೀದಿಗೆ ಗೊತ್ತಿರಲಿಲ್ಲ. ಅವ್ವ ಅದನ್ನು ಐದು ವರ್ಷ ಕಾಪಾಡಿದ್ದಳು.

"ಹೋದ ದೀಪಾವಳ್ಯಾಗ ಕರದು ಹೇಳ್ಯಾಳ ನಿಮ್ಮ ಆಯಿ," ತುಂಗವ್ವ ಮೆಲ್ಲಗೆ ಅಂದಳು. "'ನಾ ಹೋದ ದಿನಾ ನಮ್ಮ ಮನ್ಯಾಗ ಒಲಿ ಹತ್ತಂಗಿಲ್ಲ. ಹುಡುಗಿ ಸೂಜಿ ಚುಚ್ಚಿಕೊಂಡು ಖಾಲಿ ಹೊಟ್ಟೀಲೆ ಕುಂತಿರತಾಳ, ಯಾರನ್ನೂ ಕೇಳಂಗಿಲ್ಲ. ನಿಮ್ಮ ಒಲೀ ಮ್ಯಾಲ ಎರಡ ರೊಟ್ಟಿ ಬಡದು ಒಯ್ದು ಕೊಡು' ಅಂತ ಆಣಿ ಮಾಡಿಸಿಕೊಂಡಾಳ. ಉಣ್ಣ."

ಬಟ್ಟಲು ಎತ್ತಿದೆ. ಹಲ್ಲಿಗೆ ತಾಗಿ ಸದ್ದಾಯಿತು. ಗೋಡೆಯ ಕಡೆ ಕೂತಿದ್ದ ಸಂಬಂಧಿಕ ಮುದುಕನೊಬ್ಬ ಎಲ್ಲರಿಗೂ ಕೇಳುವಂತೆ, "ಏನ ಕಾಲ ಬಂತು, ಹೆಣದ ಮುಂದ ಕುಂತು ಉಣ್ಣಾಕತ್ತಾಳ ಮೊಮ್ಮಗಳು," ಅಂದ.

ಅವ್ವ ತಲೆ ಎತ್ತಿದಳು.

ತುಂಗವ್ವ ತಿರುಗಿಯೂ ನೋಡಲಿಲ್ಲ. ರೊಟ್ಟಿ ಮುರಿದು ನನ್ನ ಕೈಗೆ ಕೊಡುತ್ತ, "ಹೆಣಾನ ಹೇಳಿ ಹೋಗೇತ್ರಿ ಯಜ್ಜಾ, ಉಣಸು ಅಂತ," ಅಂದಳು.

ನಾನು ಎರಡೂ ರೊಟ್ಟಿ ಉಂಡೆ. ಆಯಿಯ ಎದುರಿಗೇ ಕೂತು, ಊರೆಲ್ಲ ನೋಡುತ್ತಿರುವಾಗ, ಕೊನೆಯ ತುತ್ತಿನವರೆಗೂ ಉಂಡೆ.